ಟಿಸಿ ಇಲ್ಲದ ಮಗು, ಮೂರು ತರಗತಿಗೆ ಒಂದೇ ಕೊಠಡಿ

ಬೆಂಗಳೂರಿನ ಓದುಗರೊಬ್ಬರ ಪತ್ರದ ಸಾರಾಂಶ: ಅವರ ಬೀದಿಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಯಾದಗಿರಿ ಕಡೆಯಿಂದ ಬಂದ ಕೂಲಿ ಕುಟುಂಬವೊಂದರ ಇಬ್ಬರು ಮಕ್ಕಳು, 9 ವರ್ಷದ ಹುಡುಗಿ ಮತ್ತು 6 ತುಂಬಿದ ಹುಡುಗ, ಶಾಲೆಗೆ ಹೋಗದೆ ಶೆಡ್ಡಿನಲ್ಲೇ ಇದ್ದಾರೆ. ಟಿಸಿ ಇಲ್ಲ, ಜನನ ಪ್ರಮಾಣಪತ್ರವೂ ಇಲ್ಲ. ಹತ್ತಿರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಸೇರಿಸಿಕೊಳ್ಳುತ್ತಾರೆಯೇ? ‘ಅಲ್ಲಿ ಮೂರು ತರಗತಿಯನ್ನು ಒಟ್ಟಿಗೆ ಕೂರಿಸುತ್ತಾರಂತೆ. ಹಾಲು, ಊಟ ಬಿಟ್ಟರೆ ಪಾಠ ನಡೆಯುತ್ತದೆಯೇ?’ ಎಂದೂ ಕೇಳಿದ್ದಾರೆ.

ಉತ್ತರ: ಸೇರಿಸಿಕೊಳ್ಳಲೇಬೇಕು, ಅದೂ ವರ್ಷದ ಯಾವ ತಿಂಗಳಲ್ಲಾದರೂ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ. ಅಂಗನವಾಡಿಯ ದಾಖಲೆ ಇದ್ದರೆ ಒಳ್ಳೆಯದು, ಅದೂ ಇಲ್ಲದಿದ್ದರೆ ತಂದೆ ತಾಯಿ ಬರೆದುಕೊಡುವ ಘೋಷಣೆ ಸಾಕು. ಟಿಸಿ ತಡವಾದರೂ ಸೇರ್ಪಡೆ ನಿಲ್ಲಿಸುವಂತಿಲ್ಲ.

ಆದರೂ ತೊಡಕು ಬರುವುದು ಟಿಸಿಯಲ್ಲೇ. ಹುಡುಗಿ ಊರಿನಲ್ಲಿ ಒಂದು ವರ್ಷ ಓದಿದ್ದರೂ ಅವಳ ಹೆಸರು ಸ್ಯಾಟ್ಸ್ ಎಂಬ ವಿದ್ಯಾರ್ಥಿ ದಾಖಲೆಯ ತಂತ್ರಾಂಶದಲ್ಲಿ ಆ ಶಾಲೆಯ ಪಟ್ಟಿಯಲ್ಲೇ ಇರುತ್ತದೆ. ಮಗು ತರಗತಿಯಲ್ಲಿ ಕೂರಬಹುದು, ಆದರೆ ಅಲ್ಲಿಂದ ಬಿಡಿಸದೆ ತಂತ್ರಾಂಶದಲ್ಲಿ ಇಲ್ಲಿಯ ಪಟ್ಟಿಗೆ ಸೇರಿಸಲು ಆಗದು. ಹೊಸದಾಗಿ ನಮೂದಿಸಿದರೆ ಒಂದೇ ಮಗುವಿಗೆ ಎರಡು ದಾಖಲೆಯಾಗಿ ಮುಂದೆ ವಿದ್ಯಾರ್ಥಿವೇತನದ ಹೊತ್ತಿಗೆ ತಲೆನೋವು. ಊರಿನ ಶಾಲೆಯ ಹೆಸರು, ಗ್ರಾಮ, ತಾಲ್ಲೂಕು, ಓದಿದ ತರಗತಿ ಇಷ್ಟನ್ನು ತಾಯಿಯಿಂದ ಕೇಳಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮುಖ್ಯ ಶಿಕ್ಷಕಿ ಅಲ್ಲಿಗೆ ಫೋನ್ ಮಾಡಿದರೆ ಕೆಲಸ ಬೇಗ ಆಗುತ್ತದೆ. ಶನಿವಾರ ಬೆಳಗಿನ ತರಗತಿ ಮುಗಿದ ಕೂಡಲೇ ಹೋಗಿ, ತಾಯಿಗೆ ತಪ್ಪುವುದು ಅರ್ಧ ದಿನದ ಕೂಲಿ ಮಾತ್ರ. ಉಳಿದ ದಿನ ಮುಖ್ಯ ಶಿಕ್ಷಕಿಯೂ ಪಾಠದಲ್ಲೇ ಇರುತ್ತಾರೆ. 60 ಮಕ್ಕಳವರೆಗೆ ಕಾಯ್ದೆ ಹೇಳುವುದು ಇಬ್ಬರೇ ಶಿಕ್ಷಕರನ್ನು. ಒಬ್ಬರನ್ನು ಚುನಾವಣೆ ಕೆಲಸಕ್ಕೋ ತರಬೇತಿಗೋ ಕರೆದರೆ ಐದೂ ತರಗತಿ ಉಳಿದವರ ತಲೆಗೆ.

ಇನ್ನು ಮೂರು ತರಗತಿಯ ಒಂದೇ ಕೊಠಡಿ. ಅದನ್ನು ಕೊಠಡಿಯ ಕೊರತೆ ಎಂದುಕೊಳ್ಳಬೇಡಿ, ಅದು ನಲಿ-ಕಲಿ: 1ರಿಂದ 3ರವರೆಗಿನ ಮಕ್ಕಳು ಒಟ್ಟಿಗೆ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಕ್ರಮ. ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯ ಮಾದರಿ ನೋಡಿ ಬಂದ ಶಿಕ್ಷಕರು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭಿಸಿದ ಪದ್ಧತಿ. ನೆಲಮಟ್ಟದಲ್ಲೇ ಗೋಡೆಯುದ್ದಕ್ಕೂ ಕಪ್ಪುಹಲಗೆ, ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಕ್ಕಳ ಚಿತ್ರಗಳು, ಗೋಡೆಗೆ ಕಲಿಕೆಯ ಹಂತಗಳನ್ನು ತೋರಿಸುವ ‘ಕಲಿಕಾ ಏಣಿ’ ಪಟ. ಏಣಿಯ ಒಂದೊಂದು ಮೆಟ್ಟಿಲಿಗೂ ಒಂದು ಚಿತ್ರದ ಗುರುತು ಮತ್ತು ಸಂಖ್ಯೆ. ಮಗು ತನ್ನ ಮೆಟ್ಟಿಲು ಯಾವುದೆಂದು ನೋಡಿ ಅದೇ ಗುರುತಿನ ಕಾರ್ಡ್ ತೆಗೆದುಕೊಂಡು, ‘ತಟ್ಟೆ’ ಎನ್ನುವ ಐದು ಗುಂಪುಗಳಲ್ಲಿ ತನ್ನದು ಯಾವುದೋ ಅಲ್ಲಿ ಕೂರುತ್ತದೆ. ಮೊದಲ ತಟ್ಟೆಗೆ ಪೂರ್ತಿ ಶಿಕ್ಷಕಿಯ ನೆರವು, ಕೊನೆಯದು ಸ್ವಕಲಿಕೆ. ಅಕ್ಷರಗಳೂ ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಮೊದಲು. ಈ ಐದು ಬಂದರೆ ಸರ, ದರ, ಅರಸ, ಅಗಸ, ಗರಗಸ ಓದಬಹುದು, ಕಾಗುಣಿತಕ್ಕೆ ಕಾಯಬೇಕಿಲ್ಲ.

ವಲಸೆ ಬಂದ ಮಕ್ಕಳಿಗೆ ಇದರಿಂದ ದೊಡ್ಡ ಅನುಕೂಲವಿದೆ. ಜಾತ್ರೆಗೋ ಸುಗ್ಗಿಗೋ ಊರಿಗೆ ಹೋಗಿ ತಿಂಗಳು ಬಿಟ್ಟು ಬಂದ ಹುಡುಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತಾನೆ. ಕೆಡುವುದು ಯಾವಾಗ ಎಂದರೆ, ಕಾರ್ಡುಗಳು ಕಳೆದುಹೋಗಿ ಏಣಿ ಬರೀ ಗೋಡೆಯ ಅಲಂಕಾರವಾದಾಗ, ಅಥವಾ 40–50 ಮಕ್ಕಳು ತುಂಬಿ ಶಿಕ್ಷಕಿ ಮೊದಲ ತಟ್ಟೆಯಿಂದ ಏಳಲಾಗದಾಗ. ಹೋದಾಗ ಕಾರ್ಡುಗಳ ಅಂಚು ನೋಡಿ. ಸವೆದಿದ್ದರೆ ಪಾಠ ನಡೆಯುತ್ತಿದೆ.

ಹುಡುಗಿಯ ವಿಷಯ ಬೇರೆ. ವಯಸ್ಸಿಗೆ ತಕ್ಕ ತರಗತಿ ಎಂಬ ನಿಯಮದಿಂದ ಅವಳು 4ಕ್ಕೆ ಹೋಗುತ್ತಾಳೆ, ನಲಿ-ಕಲಿ ಮುಗಿಯುವುದು 3ಕ್ಕೆ. ಓದಲು ಬಾರದವಳ ಕೈಗೆ ಪಠ್ಯಪುಸ್ತಕ ಬರುತ್ತದೆ. ಇಂಥವರಿಗೆ ವಿಶೇಷ ತರಬೇತಿ ಕೊಡಬೇಕೆಂದು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಕೇಳಿದರೆ ಮಾತ್ರ ಸಿಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಹಾಜರಿ 4ರಲ್ಲಿರಲಿ, ಕನ್ನಡಕ್ಕಷ್ಟೇ ನಲಿ-ಕಲಿ ಕೊಠಡಿಗೆ ಕಳಿಸಿ ಎಂದು ಕೇಳಿ ನೋಡಿ. ಅವಳು ತನ್ನ ಊರ ಕಡೆಯ ಮಾತಿನಲ್ಲಿ ‘ಹೋಗಾಕತ್ತೀನಿ’ (ಹೋಗುತ್ತಿದ್ದೇನೆ) ಎಂದಾಗ ತರಗತಿಯಲ್ಲಿ ನಗದಂತೆ ನೋಡಿಕೊಳ್ಳಲೂ ಹೇಳಿ. ಭಾಷೆಯ ವಿಚಾರಕ್ಕೆ ನಕ್ಕರೆ ಆ ಮಗು ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ.

ಹಾಲು, ಊಟವನ್ನು ಹಗುರವಾಗಿ ನೋಡಬೇಡಿ. ತಾಯಿ ಬೆಳಿಗ್ಗೆಯೇ ಕೆಲಸಕ್ಕೆ ಹೊರಟರೆ ಮಗು ಬರುವುದು ಖಾಲಿ ಹೊಟ್ಟೆಯಲ್ಲಿ. 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ ಮಾಡಿದ 150 ಮಿ.ಲೀ. ಹಾಲು. ಪುಡಿಯನ್ನು ನೇರ ಕುದಿಯುವ ನೀರಿಗೆ ಸುರಿದರೆ ಗಂಟುಕಟ್ಟಿ ಮಕ್ಕಳು ಚೆಲ್ಲುತ್ತಾರೆ. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿಕೊಳ್ಳಬೇಕು. ಮಧ್ಯಾಹ್ನದ ಊಟಕ್ಕೆ 5ರವರೆಗಿನ ಮಗುವಿನ ಲೆಕ್ಕ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ.

ಕೊನೆಗೆ, ನಿಮ್ಮ ಪತ್ರದಲ್ಲಿಲ್ಲದ ಒಂದು ವಿಷಯ. ಆ ಹುಡುಗಿಯ ಕಂಕುಳಲ್ಲಿ ಕೂಸೇನಾದರೂ ಇದೆಯೇ ನೋಡಿ. ಇದ್ದರೆ ಹೆಸರು ಬರೆಸಿದರೂ ಅವಳು ಬರಲಾರಳು. 3 ತುಂಬಿದ ಮಗುವನ್ನು ಅಂಗನವಾಡಿಯಲ್ಲಿ ಕೂರಿಸಬಹುದು. ಅದಕ್ಕಿಂತ ಚಿಕ್ಕದಾದರೆ ಶಿಶುವಿಹಾರ ಇದೆಯೇ ಎಂದು ಕಟ್ಟಡದ ಮೇಸ್ತ್ರಿಯನ್ನೋ ಗುತ್ತಿಗೆದಾರರನ್ನೋ ಕೇಳಬೇಕಾಗುತ್ತದೆ: 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಜಾಗದಲ್ಲಿ ಅದು ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಶಿಶುವಿಹಾರ ಇಲ್ಲದ ಸಣ್ಣ ಕಟ್ಟಡವಾದರೆ ಕೂಸನ್ನು ನೋಡಿಕೊಳ್ಳಲು ಶೆಡ್ಡಿನಲ್ಲಿ ಉಳಿಯುವ ಹಿರಿಯರು ಯಾರಿದ್ದಾರೆಂದು ವಿಚಾರಿಸಿ. ಶಾಲೆಗೆ ಹೋಗುವ ಮುಂಚೆಯೇ ಇದನ್ನು ಇತ್ಯರ್ಥ ಮಾಡಿಕೊಳ್ಳಿ.

– ಸಂ.