ನೀವು ಹೇಳಿದ್ದು ಪ್ಲಾನಿನಲ್ಲಿ ಇದೆಯಾ?

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ಬೆಳಕು ಚೆನ್ನಾಗಿ ಬರಬೇಕು, ಮಲಗುವ ಕೋಣೆಯಲ್ಲಿ ಸದ್ದು ಇರಬಾರದು, ವಯಸ್ಸಾದ ಅತ್ತೆಯವರಿಗೆ ಓಡಾಡಲು ಸುಲಭವಾಗಬೇಕು ಅಂತ ಆರ್ಕಿಟೆಕ್ಟ್‌ಗೆ ಹೇಳಿದ್ದೆವು. ಪ್ಲಾನ್ ಬಂದಿದೆ, ನೋಡಲು ಚೆನ್ನಾಗಿಯೇ ಇದೆ. ಆದರೆ ನಾವು ಹೇಳಿದ್ದು ಅದರಲ್ಲಿ ಸೇರಿದೆಯಾ ಅಂತ ಗೊತ್ತಾಗುತ್ತಿಲ್ಲ. ಹೇಗೆ ನೋಡುವುದು?

ಉತ್ತರ: ಸರಿಯಾದ ಸಮಯಕ್ಕೆ ಕೇಳಿದ್ದೀರಿ. ಪ್ಲಾನ್ ಇನ್ನೂ ಕಾಗದದ ಮೇಲಿದೆ, ಅಳಿಸಿ ಬರೆಯಬಹುದು.

ನೀವು ಹೇಳಿದ ಒಂದೊಂದು ಮಾತಿಗೂ ಪ್ಲಾನಿನಲ್ಲಿ ಒಂದು ಅಳತೆ ಸಿಗಬೇಕು. ಆ ಅಳತೆಯನ್ನು ಕೆಲಸ ನಡೆಯುವಾಗ ಯಾರು, ಯಾವಾಗ ನೋಡುತ್ತಾರೆ ಅನ್ನುವುದೂ ಮೊದಲೇ ಗೊತ್ತಾಗಿರಬೇಕು. ಇಲ್ಲದಿದ್ದರೆ ಆರ್ಕಿಟೆಕ್ಟ್ ಕಿವಿಗೆ ಬಿದ್ದ ಮಾತು ಮೇಸ್ತ್ರಿಯ ಕೈಗೆ ಬರುವಷ್ಟರಲ್ಲಿ ಎಲ್ಲೋ ಕಳೆದುಹೋಗುತ್ತದೆ, ಯಾರೂ ಬೇಕಂತ ಕಳೆದಿರುವುದಿಲ್ಲ.

ಒಂದು ದೊಡ್ಡ ಹಾಳೆ ತಗೊಳ್ಳಿ. ಎಡಗಡೆ ಮನೆಯವರಿಗೆ ಬೇಕಾದದ್ದನ್ನೆಲ್ಲ ನಿಮ್ಮ ಮಾತಿನಲ್ಲೇ ಬರೆಯಿರಿ. ಮೇಲ್ಗಡೆ ಅಳೆಯಲು ಆಗುವಂಥದ್ದು ಮಾತ್ರ: ಕಿಟಕಿಯ ಅಳತೆ, ಗಾಜಿನ ದಪ್ಪ, ಬಾಗಿಲಿನ ಅಗಲ, ಮೆಟ್ಟಿಲಿನ ಎತ್ತರ. ಎರಡಕ್ಕೂ ಗಟ್ಟಿ ಸಂಬಂಧ ಇದ್ದರೆ ಅವೆರಡೂ ಸೇರುವ ಚೌಕದಲ್ಲಿ 9 ಹಾಕಿ, ಸುಮಾರಾಗಿದ್ದರೆ 3, ಸ್ವಲ್ಪವೇ ಇದ್ದರೆ 1. ಇದರ ಹಿಂದಿನ ಯೋಚನೆಯನ್ನು 1966ರಲ್ಲಿ ಮುಂದಿಟ್ಟವರು ಜಪಾನಿನ ಗುಣಮಟ್ಟ ತಜ್ಞ ಯೋಜಿ ಅಕಾವೊ. 1972ರಲ್ಲಿ ಕೋಬೆಯಲ್ಲಿರುವ ಮಿತ್ಸುಬಿಷಿಯ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಇಂಥ ಕೋಷ್ಟಕ ಬಳಕೆಗೆ ಬಂತು. ಕೋಷ್ಟಕದ ಮೇಲೆ ಮನೆಯ ಮಾಡಿನ ಹಾಗೆ ಒಂದು ತ್ರಿಕೋನ ಬರುತ್ತದೆ, ಹಾಗಾಗಿ ಇದಕ್ಕೆ 'ಹೌಸ್ ಆಫ್ ಕ್ವಾಲಿಟಿ' ಅಂತ ಹೆಸರು.

ತುಂಬಿಸಿದ ಮೇಲೆ ಖಾಲಿ ಉಳಿದ ಸಾಲುಗಳನ್ನು ನೋಡಿ. ನಿಮಗೆ ಬೇಕಾದದ್ದರ ಎದುರು ಒಂದು ಅಂಕಿಯೂ ಇಲ್ಲ ಅಂದರೆ ಅದನ್ನು ಯಾರೂ ವಿನ್ಯಾಸ ಮಾಡಿಲ್ಲ. ಮೇಲಿನ ತ್ರಿಕೋನದ ಮಾಡಿನಲ್ಲಿ ಒಂದಕ್ಕೊಂದು ಅಡ್ಡ ಬರುವ ಅಳತೆಗಳನ್ನು ಗುರುತು ಮಾಡಿ. ಕಿಟಕಿ ದೊಡ್ಡದಾದರೆ ಬೆಳಕಿನ ಜೊತೆ ಬಿಸಿಲೂ ಬರುತ್ತದೆ, ರಸ್ತೆಯ ಸದ್ದೂ ಬರುತ್ತದೆ ಅಲ್ವಾ? ಅಲ್ಲಿ ಯಾವುದು ಮುಖ್ಯ ಅಂತ ಹೇಳಬೇಕಾದವರು ನೀವೇ, ಆರ್ಕಿಟೆಕ್ಟ್ ಊಹಿಸಲಿ ಅಂತ ಬಿಡಬೇಡಿ.

ಈಗ ಅತ್ತೆಯವರ ವಿಷಯ. ಮುಂದೊಂದು ದಿನ ಗಾಲಿಕುರ್ಚಿ ಬೇಕಾಗಬಹುದು ಅಂದುಕೊಂಡೇ ಲೆಕ್ಕ ಹಾಕಿ. ಬಾಗಿಲು ಪೂರ್ತಿ ತೆರೆದಾಗ ಉಳಿಯುವ ಜಾಗ ಕನಿಷ್ಠ 80 ಸೆಂ.ಮೀ. ಇರಬೇಕು. ಪ್ಲಾನಿನಲ್ಲಿ ಬರೆದಿರುವುದು ಸಾಮಾನ್ಯವಾಗಿ ಚೌಕಟ್ಟೂ ಸೇರಿದ ಅಳತೆ, ಅದನ್ನು ನಂಬಿ ಕೂರಬೇಡಿ. ಕುರ್ಚಿ ತಿರುಗಿಸಲು 150 ಸೆಂ.ಮೀ. ಅಡ್ಡಳತೆಯ ಜಾಗ ಬಾತ್‌ರೂಮಿನಲ್ಲೂ ಬೇಕು. ಇನ್ನು ರ‍್ಯಾಂಪ್. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಅನ್ನುವುದು ಎಲ್ಲರೂ ಬಳಸುವ ಲೆಕ್ಕ. ಮನೆಯ ನೆಲ ಹೊರಗಿನ ನೆಲಕ್ಕಿಂತ 45 ಸೆಂ.ಮೀ. ಎತ್ತರ ಇದ್ದರೆ ರ‍್ಯಾಂಪ್ 5.4 ಮೀಟರ್ ಉದ್ದ ಬೇಕು! ಅಷ್ಟು ಜಾಗ ಪ್ಲಾನಿನಲ್ಲಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಹೇಳಿ.

ಸದ್ದಿನ ವಿಷಯದಲ್ಲಿ ಎಲ್ಲರೂ ಗೋಡೆಯ ದಪ್ಪ ಕೇಳುತ್ತಾರೆ. ಬಾಗಿಲ ಕೆಳಗಿನ ಸಂದು, ಮಂಚದ ತಲೆಗಡೆ ಗೋಡೆಯೊಳಗೆ ಇಳಿದಿರುವ ಟಾಯ್ಲೆಟ್ ಪೈಪು, ಇವೆರಡನ್ನೂ ಕೇಳಿ.

ಪ್ರಶ್ನೆ: ಕಾಂಟ್ರಾಕ್ಟರ್ ಕರಾರಿನಲ್ಲಿ 'ಉತ್ತಮ ಗುಣಮಟ್ಟದ ಕೆಲಸ ಮಾಡಿಕೊಡಲಾಗುವುದು' ಅಂತ ಬರೆದಿದ್ದಾರೆ. ಸಾಕಾ?

ಉತ್ತರ: ಸಾಲದು. ನಾಳೆ ಜಗಳ ಬಂದರೆ ಆ ಸಾಲು ಹಿಡಿದುಕೊಂಡು ನೀವು ಏನನ್ನೂ ಕೇಳಲಾಗದು. ಬಾತ್‌ರೂಮ್ ಸೋರಬಾರದು ಅಂತ ಯಾವ ಗ್ರಾಹಕರೂ ಬಾಯಿಬಿಟ್ಟು ಹೇಳುವುದಿಲ್ಲ, ಅದು ಇದ್ದೇ ಇರುತ್ತದೆ ಅಂದುಕೊಂಡಿರುತ್ತಾರೆ. ಇದ್ದಾಗ ಯಾರೂ ಗಮನಿಸಲ್ಲ, ಇಲ್ಲದಿದ್ದಾಗ ಮಾತ್ರ ಸಿಟ್ಟು ಬರುವ ಇಂಥ ಬೇಡಿಕೆಗಳನ್ನು ಜಪಾನಿನ ಇನ್ನೊಬ್ಬ ಗುಣಮಟ್ಟ ತಜ್ಞ ನೊರಿಯಾಕಿ ಕಾನೊ ಮತ್ತು ಅವರ ಜೊತೆಗಾರರು 1984ರಲ್ಲೇ ಬೇರೆಯಾಗಿ ಗುರುತಿಸಿದ್ದರು. ಕರಾರಿನಲ್ಲಿ ಮೊದಲು ಬರೆಯಬೇಕಾದದ್ದು ಇವನ್ನೇ.

ಬಾತ್‌ರೂಮ್‌ಗೆ ಹೀಗೆ ಬರೆಸಿ: ನೆಲದ ಇಳಿಜಾರು ಮೀಟರಿಗೆ 1 ಸೆಂ.ಮೀ.ಗಿಂತ ಕಡಿಮೆ ಇರಬಾರದು. ವಾಟರ್‌ಪ್ರೂಫಿಂಗ್ ನೆಲದಲ್ಲೇ ನಿಲ್ಲದೆ ಗೋಡೆಯ ಮೇಲೂ ಹತ್ತಬೇಕು. ಟೈಲ್ಸ್ ಹಾಕುವ ಮೊದಲು ನೀರು ಹೋಗುವ ತೂತು ಮುಚ್ಚಿ, ನೀರು ನಿಲ್ಲಿಸಿ, ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕಿ, ಕನಿಷ್ಠ 24 ಗಂಟೆ ಬಿಡಬೇಕು. ಆಮೇಲೆ ಗೆರೆಯಿಂದ ನೀರು ಇಳಿದಿದೆಯಾ, ಕೆಳಗಿನ ಅಂತಸ್ತಿನ ಸೂರು ಒದ್ದೆಯಾಗಿದೆಯಾ ಅಂತ ನೀವೇ ಹೋಗಿ ನೋಡಿ.

ಕಾಂಕ್ರೀಟಿಗೂ ಇದೇ ರೀತಿ. ಸುರಿಯಲು ಸುಲಭ ಆಗಲಿ ಅಂತ ಸುಮ್ನೆ ನೀರು ಜಾಸ್ತಿ ಹಾಕುತ್ತಾರೆ, ಅದರಿಂದ ಬಲ ಕಡಿಮೆಯಾಗುತ್ತದೆ. ಕಂಬಿಗೆ ಕವರ್ ಬ್ಲಾಕ್ (ಕಂಬಿ ಅಚ್ಚಿಗೆ ತಾಗದಂತೆ ಇಡುವ ಸಣ್ಣ ತುಂಡು) ಇಟ್ಟಿದ್ದಾರಾ ಅಂತ ಸುರಿಯುವ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ, ಆಮೇಲೆ ಅದು ಯಾರಿಗೂ ಕಾಣುವುದಿಲ್ಲ. ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಡುವುದು, ಕನಿಷ್ಠ 7 ದಿನ. ಮೆಟ್ಟಿಲುಗಳನ್ನು ನೆಲಹಾಸಿನ ದಪ್ಪ ಸೇರಿಸಿ ಅಳೆಯಲು ಹೇಳಿ. ಆ ದಪ್ಪ ಮರೆತರೆ ಮೊದಲ ಅಥವಾ ಕೊನೆಯ ಮೆಟ್ಟಿಲಿನ ಎತ್ತರ ಬೇರೆಯಾಗುತ್ತದೆ, ಕಾಲು ಎಡವುವುದು ಅಲ್ಲೇ.

ಪ್ರಶ್ನೆ: ಅರ್ಧ ಕೆಲಸ ಆದ ಮೇಲೆ ಅಡುಗೆಮನೆಯ ಸಿಂಕ್ ಎದುರು ಗೋಡೆಗೆ ಬದಲಾಯಿಸಬಹುದಾ?

ಉತ್ತರ: ಬದಲಾಯಿಸಬಹುದು, ಆದರೆ ಸಿಂಕ್ ಒಂದೇ ಬದಲಾಗುವುದಿಲ್ಲ. ನೀರು ಹೋಗುವ ಪೈಪಿಗೆ ಇಳಿಜಾರು ಬೇಕು, ಉದ್ದ ಹೆಚ್ಚಿದಷ್ಟೂ ಪೈಪಿನ ಕೊನೆ ಕೆಳಗೆ ಹೋಗುತ್ತದೆ, ಆಗ ನೆಲ ಎತ್ತರಿಸಬೇಕಾಗಬಹುದು. ನೆಲ ಎತ್ತರಿಸಿದರೆ ಬಾಗಿಲ ಬಳಿ ಒಂದು ಮೆಟ್ಟಿಲು ಬರುತ್ತದೆ. ಮೇಸ್ತ್ರಿಗೆ ಹೇಳುವ ಮೊದಲು ಆ ಕೋಷ್ಟಕದ ಹಾಳೆ ತೆಗೆದು ಯಾವ್ಯಾವ ಅಳತೆ ಅಲುಗಾಡುತ್ತದೆ ಅಂತ ಆರ್ಕಿಟೆಕ್ಟ್ ಜೊತೆ ಕೂತು ನೋಡಿ. ಒಪ್ಪಿಗೆಯಾದ ಬದಲಾವಣೆಯನ್ನು ತಾರೀಖು ಹಾಕಿ ಪ್ಲಾನಿನ ಮೇಲೆಯೇ ಬರೆಸಿ, ಹಳೆಯ ಪ್ರತಿಯನ್ನು ಕೆಲಸದ ಜಾಗದಿಂದ ವಾಪಸ್ ತಗೊಳ್ಳಿ.