ಮೊಮ್ಮಗಳ ವೀಸಾ ಮತ್ತು ಟೀವಿಯಲ್ಲಿ ಕಂಡ ಮಕ್ಕಳು

ಪ್ರಶ್ನೆ: ನನ್ನ ಮಗಳು, ಅಳಿಯ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿದ್ದಾರೆ. ಅಳಿಯನದು ಎಚ್‌–1ಬಿ ಎಂಬ ಉದ್ಯೋಗ ವೀಸಾ. ನಾಲ್ಕು ವರ್ಷದವಳಿದ್ದಾಗ ಹೋದ ಮೊಮ್ಮಗಳಿಗೆ ಈಗ 19. ಮೊಮ್ಮಗ ಅಲ್ಲಿಯೇ ಹುಟ್ಟಿದವನು. ವಲಸಿಗರ ಮಕ್ಕಳನ್ನು ಹಿಡಿದಿಡುವ ಸುದ್ದಿಯನ್ನು ಟೀವಿಯಲ್ಲಿ ನೋಡಿ ನಿದ್ದೆ ಬರುತ್ತಿಲ್ಲ. ನಮ್ಮ ಮಕ್ಕಳಿಗೂ ಅಂಥ ಗತಿ ಬಂದೀತೇ? ಬಂಧನ, ಗಡೀಪಾರು ಮಕ್ಕಳನ್ನು ಏನು ಮಾಡುತ್ತವೆ?
— ಹೆಸರು ಬೇಡ, ತಿಪಟೂರು

ಉತ್ತರ: ಹಿರಿಯರೇ, ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. 2018ರಲ್ಲಿ, ಮೆಕ್ಸಿಕೊ ಗಡಿಯನ್ನು ಅನುಮತಿಯಿಲ್ಲದೆ ದಾಟಿದವರೆಲ್ಲರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವ ನೀತಿಯನ್ನು ಅಮೆರಿಕ ಸರ್ಕಾರ ಜಾರಿಗೆ ತಂದಾಗ, ಹೆತ್ತವರು ಸೆರೆಗೆ ಹೋದರು. ಅವರ ಕೈಹಿಡಿದು ಬಂದಿದ್ದ ಮಕ್ಕಳು ‘ಒಂಟಿಯಾಗಿ ಬಂದವರು’ ಎಂಬ ಲೆಕ್ಕಕ್ಕೆ ಸೇರಿ ಬೇರೊಂದು ಇಲಾಖೆಯ ವಶವಾದರು. ಟೆಕ್ಸಾಸ್‌ನ ಗಡಿಯೂರು ಮ್ಯಾಕ್‌ಆಲೆನ್‌ನ ಕೇಂದ್ರದಲ್ಲಿ ತಂತಿಬಲೆಯ ಆವರಣದೊಳಗೆ, ಬೆಳ್ಳಿ ಬಣ್ಣದ ತೆಳುಹಾಳೆಯಂಥ ಹೊದಿಕೆಯಲ್ಲಿ ಮಲಗಿದ್ದ ಮಕ್ಕಳ ಚಿತ್ರವನ್ನು ನೀವೂ ನೋಡಿರಬಹುದು. ನನ್ನ ಮಟ್ಟಿಗೆ ಆ ಬೇಲಿಗಿಂತ ಕ್ರೂರವಾಗಿದ್ದುದು ಕಡತಗಳ ಅವ್ಯವಸ್ಥೆ. ಹೆತ್ತವರು ಗೃಹ ಭದ್ರತಾ ಇಲಾಖೆಯ ಬಳಿ, ಮಕ್ಕಳು ಆರೋಗ್ಯ ಇಲಾಖೆಯ ಬಳಿ. ಯಾವ ಮಗು ಯಾರದೆಂದು ಎರಡೂ ಕಡೆಯ ದಾಖಲೆಗಳನ್ನು ಜೋಡಿಸಿ ನೋಡುವ ಸರಿಯಾದ ಏರ್ಪಾಡೇ ಇರಲಿಲ್ಲ. ಜೂನ್ 26ರಂದು ನ್ಯಾಯಾಧೀಶ ಡಾನಾ ಸಬ್ರಾ ಅವರು, ಐದು ವರ್ಷದೊಳಗಿನವರನ್ನು 14 ದಿನಗಳಲ್ಲಿ, ಉಳಿದವರನ್ನು 30 ದಿನಗಳಲ್ಲಿ ಹೆತ್ತವರಿಗೆ ಒಪ್ಪಿಸಬೇಕೆಂದು ಆದೇಶಿಸುವ ಹೊತ್ತಿಗೆ, ಎಷ್ಟೋ ತಂದೆತಾಯಿಯರನ್ನು ಮಕ್ಕಳಿಲ್ಲದೆಯೇ ಗಡೀಪಾರು ಮಾಡಿಯಾಗಿತ್ತು.

ಮರಳಿ ಸಿಕ್ಕ ಎಳೆಯರಲ್ಲಿ ಕೆಲವರು ತಾಯಿಯನ್ನು ಗುರುತು ಹಿಡಿಯಲಿಲ್ಲ. ಕೆಲವರು ಅವಳನ್ನು ಕ್ಷಣಕಾಲವೂ ಕಣ್ಮರೆಯಾಗಲು ಬಿಡಲಿಲ್ಲ. ಹಾಗಾದರೆ ತಾಯಿಯ ಜೊತೆಯಲ್ಲೇ ಇಟ್ಟರೆ ಸರಿಹೋಗುತ್ತದೆಯೇ ಎಂದು ನೀವು ಕೇಳಬಹುದು. ಇಡೀ ಕುಟುಂಬವನ್ನು ಕೂಡಿಡಲೆಂದೇ 2014ರಲ್ಲಿ ಟೆಕ್ಸಾಸ್‌ನ ಡಿಲಿಯಲ್ಲಿ 2,400 ಜನರ ಕೇಂದ್ರವೊಂದು ತೆರೆಯಿತು. ಸರ್ಕಾರದ ವಶದಲ್ಲಿರುವ ವಲಸಿಗ ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕೆಂದು ಹೇಳುವ 1997ರ ಫ್ಲೋರೆಸ್ ಒಪ್ಪಂದದ ಆಧಾರದ ಮೇಲೆ ನ್ಯಾಯಾಲಯವು ಅಂಥ ಕಡೆ ಮಕ್ಕಳನ್ನು ಇಡುವ ಅವಧಿಗೆ ಸುಮಾರು 20 ದಿನಗಳ ಮಿತಿಯನ್ನು ಹಾಕಿತು. ಆದರೆ ಅಲ್ಪಕಾಲದ ಬಂಧನವೂ ಮಗುವಿನ ಮನಸ್ಸಿಗೆ ಆಘಾತ ಉಂಟುಮಾಡಬಲ್ಲದು, ಅದರ ಪರಿಣಾಮ ದೀರ್ಘಕಾಲ ಉಳಿಯಬಲ್ಲದು ಎಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2017ರಲ್ಲಿಯೇ ಹೇಳಿತ್ತು. ಯಾವಾಗ ಉಣ್ಣಬೇಕು, ಯಾವಾಗ ದೀಪ ಆರಿಸಬೇಕು ಎಂಬುದನ್ನೂ ಅಮ್ಮ ತೀರ್ಮಾನಿಸಲಾರಳೆಂದು ಕಂಡುಕೊಂಡ ಮಗು ಧೈರ್ಯಕ್ಕೆ ಯಾರ ಮುಖ ನೋಡಬೇಕು?

ಇನ್ನು ನಿಮ್ಮ ಮನೆಯ ಮಾತು. ಊರ್ಜಿತ ವೀಸಾದಲ್ಲಿರುವ ಕುಟುಂಬದ ಸ್ಥಿತಿಗೂ ನೀವು ಟೀವಿಯಲ್ಲಿ ಕಂಡ ಮಕ್ಕಳ ಸ್ಥಿತಿಗೂ ಕಾನೂನಿನಲ್ಲಿ ಬಹಳ ಅಂತರವಿದೆ. ಮೊಮ್ಮಗನಂತೂ ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಆದರೆ ಅಷ್ಟರಿಂದಲೇ ಅಪ್ಪ ಅಮ್ಮನಿಗೆ ರಕ್ಷಣೆ ಸಿಗುವುದಿಲ್ಲ, ಅವನು ಅವರ ಪರವಾಗಿ ಅರ್ಜಿ ಹಾಕಬೇಕಾದರೂ 21 ತುಂಬಿರಬೇಕು. ಅಳಿಯನ ಕೆಲಸ ಹೋದರೆ ಬೇರೆ ದಾರಿ ನೋಡಿಕೊಳ್ಳಲು ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 60 ದಿನ.

ನಿಜವಾಗಿ ಯೋಚಿಸಬೇಕಾದುದು ಮೊಮ್ಮಗಳ ವಿಚಾರವನ್ನು. ತಂದೆಯ ವೀಸಾವನ್ನು ಅವಲಂಬಿಸಿದ ಎಚ್‌–4 ವೀಸಾ ಆಕೆಗೆ 21 ತುಂಬಿದ ದಿನ ಮುಗಿಯುತ್ತದೆ. ಯಾವ ದೇಶಕ್ಕೂ ಗ್ರೀನ್ ಕಾರ್ಡ್‌ನಲ್ಲಿ (ಕಾಯಂ ವಾಸದ ಪರವಾನಗಿಯಲ್ಲಿ) ಶೇ 7ಕ್ಕಿಂತ ಹೆಚ್ಚು ಪಾಲಿಲ್ಲವೆಂಬ ನಿಯಮದಿಂದ ಭಾರತೀಯರ ಸರದಿ ಎಷ್ಟು ಉದ್ದವಾಗಿದೆಯೆಂದರೆ, ಅಪ್ಪನ ಸರದಿ ಬರುವ ಮುನ್ನವೇ ಮಕ್ಕಳ ವಯಸ್ಸು ಮೀರುತ್ತದೆ. ದಾಖಲೆಯಿಲ್ಲದೆ ಬಂದ ಮಕ್ಕಳಿಗೆ ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆ ಕೊಟ್ಟ 2012ರ ‘ಡಾಕಾ’ ಯೋಜನೆ ಕೂಡ, ಕ್ರಮಬದ್ಧವಾಗಿ ವೀಸಾ ಪಡೆದು ಬಂದ ಇಂಥವರನ್ನು ಹೊರಗಿಟ್ಟಿತು. ಇದು ನನಗೆ ನ್ಯಾಯವೆನಿಸುವುದಿಲ್ಲ.

ಮಗಳಿಗೆ ಎರಡು ಸಂಗತಿ ಕೇಳಿ. ಮೊಮ್ಮಗಳಿಗಾಗಿ ಎಫ್‌–1 ವಿದ್ಯಾರ್ಥಿ ವೀಸಾಕ್ಕೆ ಸಾಕಷ್ಟು ಮುಂಚಿತವಾಗಿ ಸಿದ್ಧತೆ ನಡೆದಿದೆಯೇ? ಅಳಿಯನ ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಐ–140 ಅರ್ಜಿ ತೀರ್ಮಾನವಾಗದೆ ಉಳಿದಿದ್ದ ದಿನಗಳನ್ನು, ಗ್ರೀನ್ ಕಾರ್ಡ್‌ಗೆ ಲೆಕ್ಕ ಹಾಕುವ ಮಕ್ಕಳ ವಯಸ್ಸಿನಿಂದ ಕಳೆಯಲು 2002ರ ಕಾಯ್ದೆಯಲ್ಲಿ ಅವಕಾಶವಿದೆ. ಆ ಲೆಕ್ಕವನ್ನು ವಲಸೆ ವಕೀಲರಿಂದ ಮಾಡಿಸಿದ್ದಾರೆಯೇ? ವಿಡಿಯೊ ಕರೆಯಲ್ಲಿ ಮೊಮ್ಮಗಳೊಡನೆ ಮಾತಾಡುವಾಗ ಮಾತ್ರ ವೀಸಾದ ವಿಷಯವನ್ನು ನೀವಾಗಿ ಎತ್ತಬೇಡಿ. ಅವಳಾಗಿ ಹೇಳಿಕೊಂಡರೆ ಪೂರ್ತಿ ಕೇಳಿಸಿಕೊಳ್ಳಿ.