ಜಗಳ ಎಲ್ಲಿ ಆಡ್ತೀರಿ?

ಪುಣೆಯಲ್ಲಿ ಕೆಲಸ ಬಿಟ್ಟು ಮುಳಶಿ, ಮಾವಳ, ಭೋರ್ ಕಡೆ ತೋಟ ಮಾಡಲು ಹೋಗುವ ಕನ್ನಡದ ಕುಟುಂಬಗಳು ಈಚೆಗೆ ಆಪ್ತಸಲಹೆಗೆ ನನ್ನ ಹತ್ತಿರ ಆಗಾಗ ಬರುತ್ತಿವೆ. ಎರಡು ವರ್ಷದಲ್ಲಿ ಇದು ನಾಲ್ಕನೆಯದು. ಮೊದಲ ಮೂರು ಕುಟುಂಬಗಳಿಗೆ ಹೇಳಿದ್ದರ ಬಗ್ಗೆ ನನಗೆ ಸಮಾಧಾನವಿದೆ. ಈ ನಾಲ್ಕನೆಯದು ಮಾತ್ರ ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಗಂಡ ಧಾರವಾಡದವರು, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರು. ಹೆಂಡತಿ ಅಕ್ಕಲಕೋಟೆಯ ರೈತರ ಮನೆ ಮಗಳು. ಮಹಾರಾಷ್ಟ್ರದಲ್ಲಿ 1948ರ ಗೇಣಿ ಕಾಯ್ದೆಯ ಪ್ರಕಾರ ರೈತರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಹೊಲ ಕೊಳ್ಳುವಂತಿಲ್ಲ. ತವರಿನ ಸಾತ್‌ಬಾರಾ ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಆಕೆಯ ಹೆಸರಿತ್ತು. ಹಾಗಾಗಿ ಮುಳಶಿ ತಾಲೂಕಿನ ಒಂದೂವರೆ ಎಕರೆ ಆಕೆಯ ಹೆಸರಿಗೇ ಬಂತು. ಮನೆ ಕಟ್ಟಲು ಪರವಾನಗಿ ಸಿಗಬೇಕು, ದುಡ್ಡೂ ಕೂಡಬೇಕು. ಅಲ್ಲಿಯವರೆಗೆ ಇರೋಣ ಅಂತ ಒಂದು ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಸೀಟುಗಳನ್ನು ತೆಗೆಸಿ, ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಮೇಲೆ ಸೋಲಾರ್ ಕೂರಿಸಿದರು. ಒಳಗೆ ಹೆಚ್ಚೆಂದರೆ 12 ಅಡಿ ಉದ್ದ, 6 ಅಡಿ ಅಗಲ. ನಾಲ್ಕು ವರ್ಷದ ಮಗಳು, ವರ್ಷದ ಮಗ. ಅಕ್ಟೋಬರಿನಲ್ಲಿ ಕೊಥ್ರೂಡಿನ ಬಾಡಿಗೆ ಮನೆ ಬಿಟ್ಟವರು ಏಪ್ರಿಲ್ ಕೊನೆಗೆ ನನ್ನ ಹತ್ತಿರ ಬಂದರು.

ಬಂದದ್ದು ಮಗಳಿಗಾಗಿ. ಹುಡುಗಿ ಪಿಸುಗುಡುತ್ತಿದ್ದಳು. ಅಂಗನವಾಡಿಯಲ್ಲಿ, ಅಜ್ಜಿಯ ಜೊತೆ ಫೋನಿನಲ್ಲಿ, ನನ್ನ ಕೋಣೆಯಲ್ಲಿ, ಎಲ್ಲ ಕಡೆಯೂ ಅದೇ ಪಿಸುಮಾತು. ಗೊಂಬೆಗಳ ಕೈಯಲ್ಲೂ ಪಿಸುಮಾತೇ ಆಡಿಸುತ್ತಿದ್ದಳು. ಮನೆಯಲ್ಲಿ ಚೆನ್ನಾಗಿ ಮಾತಾಡಿ ಹೊರಗೆ ಮಾತ್ರ ಬಾಯಿ ಬಿಡದ ಮಕ್ಕಳಿರುತ್ತಾರೆ. ಅದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಅನ್ನುತ್ತಾರೆ. ಇವಳದು ಹಾಗಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಮೊದಲು ಕಿವಿ, ಗಂಟಲು ತೋರಿಸಿಕೊಂಡು ಬನ್ನಿ ಎಂದೆ. ಮಗುವಿನ ದನಿಯಲ್ಲಿ ಬದಲಾವಣೆ ಕಂಡರೆ ಮೊದಲು ಡಾಕ್ಟರ ಹತ್ತಿರ ಹೋಗಬೇಕು, ನಮ್ಮ ಹತ್ತಿರ ಆಮೇಲೆ. ಕಿವಿ ಚೆನ್ನಾಗಿದೆ, ಗಂಟಲೂ ಚೆನ್ನಾಗಿದೆ ಅಂತ ಬಂತು.

ಮೂರನೇ ಭೇಟಿಗೆ ಮಕ್ಕಳನ್ನು ನೆಂಟರ ಮನೆಯಲ್ಲಿ ಬಿಟ್ಟು ಇಬ್ಬರೇ ಬಂದರು. ಗಂಡ ಹುಮ್ಮಸ್ಸಿನಿಂದ ಹೊಲದ ಸುದ್ದಿ ಹೇಳುತ್ತಿದ್ದರು. ಈ ಮಳೆಗಾಲಕ್ಕೆ ಇಂದ್ರಾಯಣಿ ಭತ್ತ ಹಚ್ಚುವುದು, ಬದುವಿಗೆ ನುಗ್ಗೆ, ಬಿದಿರು. ಆ ಖುಷಿ ನಿಜವಾದದ್ದು. ಅದನ್ನು ನಾನು ಒಂದು ಗಳಿಗೆಯೂ ಅನುಮಾನಿಸಲಿಲ್ಲ. ನಡುವೆ ಅವರೆಂದರು: "ಏನ ಅನ್ರಿ, ಅಲ್ಲಿಗೆ ಹೋದ ಮ್ಯಾಲೆ ನಮ್ಮಿಬ್ಬರದು ಒಂದು ಜಗಳ ಆಗಿಲ್ಲ. ಕೊಥ್ರೂಡದಾಗ ದಿನಾ ಆಗ್ತಿತ್ತು."

ಹೆಂಡತಿ ತಲೆ ಎತ್ತಲಿಲ್ಲ. ನಾನು ಆಕೆಯನ್ನು ಕೇಳಿದೆ, "ಜಗಳ ಬಂದರೆ ಎಲ್ಲಿ ಆಡ್ತೀರಿ?"

ಸುಮ್ನೆ ಕೇಳಿದ ಪ್ರಶ್ನೆ ಅದು. ಆಕೆ ನಕ್ಕುಬಿಟ್ಟರು. "ಎಲ್ಲಿ ಆಡೂದ್ರಿ ಅಕ್ಕಾರ? ಒಳಗ ಮಕ್ಕಳು ಮಲಗಿರ್ತಾವು. ಹೊರಗ ಹೋದ್ರ ಕತ್ತಲಿ, ಹಾವಿನ ಅಂಜಿಕಿ. ಹಗಲಿ ಹೊಲದಾಗ ಆಳು ಇರ್ತಾರ." ನಗು ಅಲ್ಲಿಗೇ ನಿಂತಿತು. ಚೀಲದಿಂದ ಫೋನ್ ತೆಗೆದು, ವಾಟ್ಸಾಪ್ ತೆರೆದು, ನನ್ನ ಮುಂದೆ ಇಟ್ಟರು.

ಗಂಡ ಹೆಂಡತಿ ಒಬ್ಬರಿಗೊಬ್ಬರು ಕಳಿಸಿದ ಸಾಲುಗಳು. ಎಲ್ಲ ನಡುರಾತ್ರಿಯವು. ಆಕೆ ತೋರಿಸಿದಷ್ಟನ್ನೇ ಓದಿದೆ. 1:40ಕ್ಕೆ, "ನೀರ ಮುಗದದ ಅಂತ ಮುಂಜಾನೆನ ಹೇಳಿದ್ದೆ." 1:41ಕ್ಕೆ, "ಈಗ ಅದನ್ನ ತಗೀಬ್ಯಾಡ." 1:52ಕ್ಕೆ, "ನನಗ ಇಲ್ಲಿ ಇರೂದು ಆಗಂಗಿಲ್ಲ." ಅದರ ಕೆಳಗೆ ಉತ್ತರ ಇಲ್ಲ. ಎರಡು ನೀಲಿ ಟಿಕ್ ಇದ್ದವು.

ಒಂದೇ ಮಂಚದಲ್ಲಿ ಮಲಗಿ, ಎರಡು ಅಡಿ ದೂರದಿಂದ, ಇಬ್ಬರೂ ಟೈಪ್ ಮಾಡುತ್ತಿದ್ದರು.

ಗಂಡನ ಮುಖ ಬಿಳುಚಿತು. "ಇದು ಜಗಳ ಅಲ್ರಿ, ಮಕ್ಕಳು ಏಳಬಾರದು ಅಂತ..." ಎಂದು ಶುರು ಮಾಡಿ ನಿಲ್ಲಿಸಿದರು. ಸ್ವಲ್ಪ ಹೊತ್ತು ಬಿಟ್ಟು, ಹೆಂಡತಿಯ ಕಡೆ ತಿರುಗಿ ಹೇಳಿದರು: "ನಾ ಅವತ್ತ ಉತ್ತರ ಬರದಿದ್ದೆ. ಕಳಸಲಿಲ್ಲ. ಫೋನಿನ ಬೆಳಕಿನಾಗ ಪುಟ್ಟಿ ಕಣ್ಣ ಬಿಟ್ಟಕೊಂಡು ನಮ್ಮಿಬ್ಬರನ್ನೂ ನೋಡಾಕತ್ತಿದ್ಲು."

ಆ ಮಾತಿನ ನಂತರ ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಮಕ್ಕಳು ಮನೆಯ ನಿಯಮಗಳನ್ನು ಯಾರೂ ಹೇಳಿಕೊಡದೆಯೇ ಕಲಿಯುತ್ತಾರೆ. ತಮ್ಮ ಏಳುತ್ತಾನೆ, ಮೆಲ್ಲಗೆ. ಅಪ್ಪ ಫೋನಿನಲ್ಲಿದ್ದಾರೆ, ಮೆಲ್ಲಗೆ. ರಾತ್ರಿ ಅಪ್ಪ ಅಮ್ಮನ ನಡುವೆ ಏನೋ ದೊಡ್ಡದು ನಡೆಯುತ್ತಿದೆ, ಅದಕ್ಕೆ ದನಿಯೇ ಇಲ್ಲ. ನಾಲ್ಕು ವರ್ಷದ ಹುಡುಗಿ ಇದರಿಂದ ತನಗೆ ತಿಳಿದಷ್ಟು ಅರ್ಥ ಮಾಡಿಕೊಂಡಳು. ಜೋರಾಗಿ ಮಾತಾಡಿದರೆ ಏನೋ ಒಡೆಯುತ್ತದೆ ಅಂತ. ಹೆತ್ತವರ ಜಗಳ ಮಕ್ಕಳಿಗೆ ಕಾಣಲೇಬಾರದು ಅಂತ ನಮ್ಮಲ್ಲಿ ಅನೇಕರು ನಂಬಿದ್ದಾರೆ. ನಾನು ನಂಬುವುದಿಲ್ಲ. ಬೈಗುಳ, ಹೊಡೆತ ಇಲ್ಲದ ಜಗಳ, ಅದು ಮುಗಿದು ಇಬ್ಬರೂ ಮತ್ತೆ ಚಹಾ ಕುಡಿಯುವುದು, ಎರಡನ್ನೂ ಮಗು ನೋಡಲಿ. ಈ ಹುಡುಗಿಗೆ ಮೊದಲನೆಯದು ಅರ್ಧ ಕಂಡಿತ್ತು. ಎರಡನೆಯದು ಕಾಣಲೇ ಇಲ್ಲ.

ತಪ್ಪು ವ್ಯಾನಿನದಲ್ಲ. ಪುಣೆಯಲ್ಲೇ ಹತ್ತಡಿ ಖೋಲಿಯಲ್ಲಿ ಐದಾರು ಜನ ಇರುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ಓಣಿ ಇರುತ್ತದೆ, ಕಟ್ಟೆ ಇರುತ್ತದೆ, ಸಿಟ್ಟು ಬಂದರೆ ಹೋಗಿ ಕೂರಲು ಪಕ್ಕದ ಮನೆ ಇರುತ್ತದೆ. ಹೊಲದ ನಡುವೆ ನಿಂತ ವ್ಯಾನಿಗೆ ಇದು ಯಾವುದೂ ಇಲ್ಲ. ಹೊರಗೆ ಒಂದೂವರೆ ಎಕರೆ ಬಯಲಿದ್ದರೂ ಆಕೆಗೆ ಅಳಲು ಜಾಗ ಇರಲಿಲ್ಲ.

ಆ ಹೊತ್ತಿಗೆ ಧಾರವಾಡದಿಂದ ಅತ್ತೆಯವರ ಫೋನೂ ಬಂದಿತ್ತು. "ಅವರಿಗೆ ತಿಳಿಸಿ ಹೇಳ್ರಿ. ಮಾಳೀಣ ನೆನಪಿಲ್ಲೇನು?" ಎಂದಿದ್ದರು. 2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳೀಣ ಊರಿನ ಮೇಲೆ ಗುಡ್ಡ ಕುಸಿದು 150ಕ್ಕೂ ಹೆಚ್ಚು ಜನ ಸತ್ತರು. ಹಿರಿಯರ ಭಯ ಎಂದು ನಾನದನ್ನು ತಳ್ಳಿಹಾಕಲಿಲ್ಲ. ವ್ಯಾನು ಎಲ್ಲಿ ನಿಂತಿದೆ ಎಂದು ಕೇಳಿದೆ. ಗಾಳಿ ತಡೆಯಲಿ ಅಂತ ಜೆಸಿಬಿಯಿಂದ ದಿಬ್ಬ ಕಡಿಸಿ, ಅದರ ಬುಡದಲ್ಲೇ ನಿಲ್ಲಿಸಿದ್ದರು. ಮಳೆ ಬಂದಾಗ ಅಡಿಗೆ ಎಲ್ಲಿ ಎಂದೆ. ಕಿಟಕಿ ಮುಚ್ಚಿ ಒಳಗೇ ಎಂದರು. ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇನ್ನು ಸಿಲಿಂಡರ್ ಸೋರಿದರೆ ಆ ಗ್ಯಾಸ್ ಗಾಳಿಗಿಂತ ಭಾರ, ಕೆಳಗೆ ಇಳಿದು ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ವರ್ಷದ ಮಗು ಮಲಗುವುದು ಅಲ್ಲೇ ಅಲ್ವಾ?

ಹಾಗಾಗಿ ನೇರವಾಗಿಯೇ ಹೇಳಿದೆ. ಜೂನ್ ಮೊದಲ ವಾರದೊಳಗೆ ಪೌಡಿನಲ್ಲೋ ಪಕ್ಕದ ಊರಿನಲ್ಲೋ ಬಾಗಿಲಿರುವ ಎರಡು ಕೋಣೆ ಬಾಡಿಗೆಗೆ ಹಿಡಿಯಿರಿ, ಸೆಪ್ಟೆಂಬರ್ ಮುಗಿಯುವವರೆಗೆ. ಹೊಲ ಬಿಡಬೇಡಿ, ದಿನಾ ಹೋಗಿ ಬನ್ನಿ. ವ್ಯಾನನ್ನು ಆ ದಿಬ್ಬದ ಬುಡದಿಂದ ಇವತ್ತೇ ತೆಗೆಯಿರಿ. ರಾತ್ರಿ ಫೋನಿನಲ್ಲಿ ಜಗಳ ಬರೆಯುವುದು ಬೇಡ. ಸಿಟ್ಟಿದ್ದರೆ ಮರುದಿನ ಹಗಲು, ಬಾಯಿಂದ. ಮಗಳನ್ನು ಸಂಜೆ ಹೊಲಕ್ಕೆ ಕರೆದೊಯ್ದು ಈ ಬದುವಿನಿಂದ ಆ ಬದುವಿಗೆ ಕೂಗುವ ಆಟ ಆಡಿ. ನೀವೇ ಮೊದಲು ಕೂಗಿ. ಅವಳನ್ನು "ಜೋರಾಗಿ ಮಾತಾಡು" ಅಂತ ಒಮ್ಮೆಯೂ ಒತ್ತಾಯಿಸಬೇಡಿ.

ಗಂಡನಿಗೆ ಕೋಣೆಯ ಮಾತು ಹಿಡಿಸಲಿಲ್ಲ. "ಬಾಡಿಗಿ ಉಳಸಾಕ ಅಂತನ ವ್ಯಾನ್ ಮಾಡಿದ್ವಿ. ಈಗ ಮತ್ತ ಬಾಡಿಗಿ ಅಂದ್ರ ಸೋತಂಗ ಆತಲ್ರಿ" ಎಂದರು. ನಾನು ತಿರುಗಿ ವಾದಿಸಲಿಲ್ಲ. ಹೆಂಡತಿ ಹೇಳಿದರು, "ನಮ್ಮಪ್ಪ ಐವತ್ತು ವರ್ಷ ಒಕ್ಕಲತನ ಮಾಡ್ಯಾನ. ಒಂದು ಮಳಿಗಾಲನೂ ಹೊಲದಾಗ ಮಲಗಿಲ್ಲ."

ಈ ಪ್ರಕರಣ ಹೇಳಿಕೊಂಡಾಗ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆಕ್ಷೇಪ ಎತ್ತಿದರು. ನಾವು ಆಪ್ತಸಲಹೆ ಕಲಿಯುವಾಗ ಕಾರ್ಲ್ ರೋಜರ್ಸ್ ಅವರನ್ನು ಓದುತ್ತೇವೆ. ಬಂದವರಿಗೆ ಇಂಥದ್ದು ಮಾಡಿ ಎಂದು ಹೇಳಬೇಡಿ, ಅವರೇ ಕಂಡುಕೊಳ್ಳುವವರೆಗೆ ಜೊತೆಗಿರಿ ಎಂಬುದು ಅವರ ದಾರಿ. "ನೀವು ಮನೆ ಹಿಡಿಯಿರಿ ಎಂದುಬಿಟ್ಟಿರಿ, ಅದು ಸಲಹೆಯಲ್ಲ, ಅಪ್ಪಣೆ" ಎಂದರು ಅವರು. ಆ ದಾರಿಯಲ್ಲಿ ನನಗೆ ಈಗಲೂ ನಂಬಿಕೆಯಿದೆ. ತೋಟ ಬೇಕೋ ಬೇಡವೋ, ಕೆಲಸ ಬಿಟ್ಟದ್ದು ಸರಿಯೋ ತಪ್ಪೋ, ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ಪುಣೆ ಊರಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್, ಮುಳಶಿಯ ತಾಮ್ಹಿಣಿ ಘಾಟಿನ ಕಡೆಗೆ ಅದರ ಹಲವು ಪಟ್ಟು. ಮಳೆಗೆ ಆರು ವಾರವೂ ಇರಲಿಲ್ಲ. ಕಡಿದ ದಿಬ್ಬದ ಕೆಳಗೆ ಎರಡು ಮಕ್ಕಳು ಮಲಗುತ್ತಿದ್ದವು. ಅಂಥಲ್ಲಿ ಸುಮ್ಮನಿರುವುದು ನನಗೆ ಆಗುವುದಿಲ್ಲ.

ನನ್ನನ್ನು ಕೊರೆಯುವುದು ಬೇರೆ. "ನನಗ ಇಲ್ಲಿ ಇರೂದು ಆಗಂಗಿಲ್ಲ" ಎಂಬ ಸಾಲಿನ ಮೇಲೆ ಆ ದಿನ ನಾವು ಯಾರೂ ಮಾತಾಡಲಿಲ್ಲ. ಮಗು, ಮಳೆ, ದಿಬ್ಬ, ಗ್ಯಾಸ್ ಅಂತ ಗಂಟೆ ಮುಗಿಯಿತು. ಕೋಣೆ ಹಿಡಿದರೆ ಆ ಸಾಲಿಗೆ ಉತ್ತರ ಸಿಕ್ಕ ಹಾಗಾಯಿತೇ? ಸೆಪ್ಟೆಂಬರ್‌ವರೆಗೆ ತಡೆದುಕೊಳ್ಳುವ ದಾರಿ ತೋರಿಸಿದೆ ಅಷ್ಟೇನೋ. ಈಗ ಇಂಥ ಯೋಜನೆ ಹಿಡಿದು ಯಾರೇ ಬಂದರೂ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಒಂದು ಪ್ರಶ್ನೆ ಕೇಳುತ್ತೇನೆ. ಇದು ಬೇಡ ಅನ್ನಿಸಿದ ದಿನ ಅದನ್ನು ಹೇಗೆ ಹೇಳ್ತೀರಿ? ಎಷ್ಟೋ ಹೆಂಡತಿಯರು "ಹೇಳೂದ ಏನದ, ಅವರ ಕನಸು ಅದು" ಅನ್ನುತ್ತಾರೆ. ಸುಮ್ಮನಿದ್ದರೆ ಒಪ್ಪಿದ ಹಾಗೆ ಅಂತ ಮನೆಮಂದಿ ಲೆಕ್ಕ ಹಾಕಿರುತ್ತಾರೆ. ವ್ಯಾನ್ ಕೊಳ್ಳುವ ಮುಂಚೆ, ರಾಜೀನಾಮೆ ಕೊಡುವ ಮುಂಚೆ ಈ ಮಾತು ಆಗಿಬಿಡಬೇಕು. ಎಷ್ಟು ತಿಂಗಳು ವ್ಯಾನಿನಲ್ಲಿ, ಅದು ದಾಟಿದರೆ ಏನು ಎಂದು ತಾರೀಖು ಹಾಕಿ ಬರೆದಿಡಬೇಕು. ಬರೆಯುವ ಪೆನ್ನು ಇಬ್ಬರ ಕೈಗೂ ಬರಬೇಕು.

ಅವರು ಕೊನೆಗೆ ಪೌಡಿನಲ್ಲಿ ಕೋಣೆ ಹಿಡಿದರು. ಆಗಸ್ಟಿನಲ್ಲಿ ಆಕೆ ಫೋನ್ ಮಾಡಿದಾಗ ಹಿಂದೆ ಮಗಳ ದನಿ ಕೇಳಿಸಿತು. ಯಾರದೋ ಎಮ್ಮೆಯನ್ನು ಬಾಗಿಲಿಂದ ಓಡಿಸುತ್ತಿದ್ದಳು, ಜೋರಾಗಿ. ಅಂಗನವಾಡಿಯಲ್ಲಿ ಇನ್ನೂ ಪಿಸುಮಾತೇ ಅಂತೆ. ನವೆಂಬರಿನಲ್ಲಿ ಮತ್ತೆ ವ್ಯಾನಿಗೆ ಹೋಗುವ ಮುಂಚೆ ಇಬ್ಬರೂ ಬಂದು ಹೋಗಿ ಎಂದಿದ್ದೆ. ಗಂಡ ಒಬ್ಬರೇ ಬಂದರು.